ಎರಡು ಏಣಿ, ಒಂದೇ ಸರ್ಟಿಫಿಕೇಟು

ಸಿಇಟಿ ರ‍್ಯಾಂಕ್ ಬಂದ ವಾರ ಪದ್ಮನಾಭನಗರದಲ್ಲಿ ಬೆಳಗಿನ ವಾಕಿಂಗ್ ಹೋಗುವವರ ಬಾಯಲ್ಲಿ ಬೇರೆ ಮಾತೇ ಇರುವುದಿಲ್ಲ. ಯಾವ ಕಾಲೇಜು, ಯಾವ ಬ್ರಾಂಚು, ಹೋದ ವರ್ಷದ ಕಟ್‌ಆಫ್ ಎಷ್ಟು. ಆ ಗದ್ದಲದ ನಡುವೆ ನಮ್ಮ ಎದುರು ಮನೆಯವರು ಗೇಟಿನ ಹತ್ತಿರ ನಿಲ್ಲಿಸಿ ಕೇಳಿದ ಪ್ರಶ್ನೆ ಮಾತ್ರ ಬೇರೆ ಥರದ್ದು. “ಸರ್, ನಮ್ಮ ಹುಡುಗಿ ವಾಲಿಬಾಲ್ ಆಡ್ತಾಳಲ್ಲ. ಓದೂ ಬಿಡಬಾರದು, ಆಟಾನೂ ಬಿಡಬಾರದು ಅಂತಾಳೆ. ಬಿಎನ್‌ಎಂಗೆ ಹಾಕೋದಾ, ಪಿಇಎಸ್‌ಗೆ ಹಾಕೋದಾ? ಆಟಕ್ಕೆ ಯಾವುದು ವಾಸಿ?”

ಆಗ ತೋಚಿದ ಉತ್ತರ ಹೇಳಿ ಜಾರಿಕೊಂಡೆ. ಆದರೆ ಪ್ರಶ್ನೆ ಬಿಡಲಿಲ್ಲ. ಅವರು ಕೇಳಿದ್ದು ಎರಡು ಕಾಲೇಜುಗಳ ವಿಷಯವಾದರೂ ನಿಜವಾಗಿ ಎದುರಿಗಿರುವುದು ಎರಡು ಬೇರೆ ಬೇರೆ ವ್ಯವಸ್ಥೆಗಳು. ಇದು ಎಷ್ಟೋ ತಂದೆತಾಯಿಗಳಿಗೆ ಗೊತ್ತಿಲ್ಲ. ಕಾಲೇಜಿನ ಬಣ್ಣದ ಪುಸ್ತಿಕೆಯಲ್ಲಿ ಕಪ್ಪು ಹಿಡಿದು ನಿಂತ ಹುಡುಗರ ಫೋಟೊ ಇರುತ್ತದೆ. ಆ ಕಪ್ಪು ಯಾವ ಮಟ್ಟದ್ದು, ಅಲ್ಲಿಗೆ ಹೋಗಲು ಎಷ್ಟು ಮೆಟ್ಟಿಲು ಹತ್ತಬೇಕಾಯಿತು ಅನ್ನುವುದು ಇರುವುದಿಲ್ಲ.

ನಮ್ಮ ಸುತ್ತಮುತ್ತಲನ್ನೇ ನೋಡಿ. ದೇವೇಗೌಡ ಪೆಟ್ರೋಲ್ ಬಂಕಿನಿಂದ ರಿಂಗ್ ರೋಡ್ ಹಿಡಿದು ಹೊಸಕೆರೆಹಳ್ಳಿ ಕಡೆ ಹೋದರೆ ಪಿಇಎಸ್ ಸಿಗುತ್ತದೆ. 2013ರಿಂದ ಅದು ಸ್ವತಂತ್ರ ಖಾಸಗಿ ವಿಶ್ವವಿದ್ಯಾಲಯ. ಬನಶಂಕರಿ ಎರಡನೇ ಹಂತದಲ್ಲಿ ಬಿಎನ್‌ಎಂ ಇದೆ. ಕುಮಾರಸ್ವಾಮಿ ಲೇಔಟಿನಲ್ಲಿ, ಶ್ಯಾವಿಗೆ ಮಲ್ಲೇಶ್ವರ ಬೆಟ್ಟದ ಮೇಲೆ, ದಯಾನಂದ ಸಾಗರ್ ಎಂಜಿನಿಯರಿಂಗ್ ಕಾಲೇಜಿದೆ. ಈ ಎರಡೂ ವಿಶ್ವೇಶ್ವರಯ್ಯ ತಾಂತ್ರಿಕ ವಿ.ವಿ.ಗೆ, ಅಂದರೆ ವಿಟಿಯುಗೆ, ಸೇರಿದವು. ಈ ಕಡೆ ಜಯನಗರಕ್ಕೆ ಬಂದರೆ ಜೈನ್ ಇದೆ. ಅದು ಡೀಮ್ಡ್ ವಿಶ್ವವಿದ್ಯಾಲಯ. ಆಟೊದಲ್ಲಿ ಒಂದು ಸುತ್ತು ಹಾಕಿ ಬರಬಹುದಾದ ಜಾಗದಲ್ಲೇ ಮೂರು ಜಾತಿಯ ವಿದ್ಯಾಸಂಸ್ಥೆಗಳು.

ದೇಶದಲ್ಲಿ ವಿಶ್ವವಿದ್ಯಾಲಯಗಳ ನಡುವೆ ಪಂದ್ಯ ನಡೆಸುವುದು ಭಾರತೀಯ ವಿಶ್ವವಿದ್ಯಾಲಯಗಳ ಸಂಘ. ಎಐಯು ಎಂದರೆ ಆಟಗಾರರಿಗೆಲ್ಲ ಗೊತ್ತು. 1925ರಲ್ಲಿ ಇಂಟರ್ ಯೂನಿವರ್ಸಿಟಿ ಬೋರ್ಡ್ ಎಂಬ ಹೆಸರಲ್ಲಿ ಹುಟ್ಟಿದ ಸಂಸ್ಥೆ ಅದು. ಅದರ ಲೆಕ್ಕ ಸರಳ. ಒಂದು ವಿಶ್ವವಿದ್ಯಾಲಯಕ್ಕೆ ಒಂದು ಆಟದಲ್ಲಿ ಗಂಡುಮಕ್ಕಳದೊಂದು ತಂಡ, ಹೆಣ್ಣುಮಕ್ಕಳದೊಂದು ತಂಡ. ವಿಶ್ವವಿದ್ಯಾಲಯದ ಕೆಳಗೆ ಎಷ್ಟು ಕಾಲೇಜುಗಳಿವೆ ಎಂದು ಅದು ಕೇಳುವುದಿಲ್ಲ.

ಎದುರು ಮನೆಯ ಹುಡುಗಿಯ ಭವಿಷ್ಯ ಕೂತಿರುವುದು ಈ ಒಂದು ಸಾಲಿನ ಮೇಲೆ. 1998ರಲ್ಲಿ ಬೆಳಗಾವಿಯಲ್ಲಿ ನೆಲೆ ಮಾಡಿಕೊಂಡು ಹುಟ್ಟಿದ ವಿಟಿಯು ಕೆಳಗೆ ಬೀದರಿನಿಂದ ಚಾಮರಾಜನಗರದವರೆಗೆ ಸುಮಾರು ಇನ್ನೂರು ಕಾಲೇಜುಗಳಿವೆ. ಕಾಲೇಜು ‘ಅಟಾನಮಸ್’ ಆಗಿದ್ದರೂ ಪಾಠ, ಪರೀಕ್ಷೆ ಮಾತ್ರ ಅದರದ್ದು. ಪದವಿ ವಿಟಿಯುದ್ದು, ಆಟದ ತಂಡವೂ ವಿಟಿಯುದ್ದೇ. ಇನ್ನೂರರಲ್ಲಿ ಅರ್ಧದಷ್ಟು ಕಾಲೇಜುಗಳು ಹೆಣ್ಣುಮಕ್ಕಳ ವಾಲಿಬಾಲ್ ತಂಡ ಕಟ್ಟಿದವೆಂದು ಇಟ್ಟುಕೊಳ್ಳಿ. ತಂಡಕ್ಕೆ ಹನ್ನೆರಡು ಜನರಂತೆ ಸಾವಿರದ ಇನ್ನೂರು ಆಟಗಾರ್ತಿಯರಾದರು. ವಿಟಿಯು ಜೆರ್ಸಿ ಇರುವುದು ಹನ್ನೆರಡು. ನೂರಕ್ಕೆ ಒಬ್ಬಳು. ಅದೇ ಹುಡುಗಿ ರಿಂಗ್ ರೋಡಿನ ಖಾಸಗಿ ವಿ.ವಿ. ಸೇರಿದರೆ ಅಲ್ಲಿನ ಟ್ರಯಲ್ಸ್‌ಗೆ ಮೂವತ್ತೋ ನಲವತ್ತೋ ಹುಡುಗಿಯರು ಬಂದಾರು. ಜೆರ್ಸಿ ಅಲ್ಲೂ ಹನ್ನೆರಡೇ.

ವಿಟಿಯು ಹುಡುಗಿ ಮೊದಲು ತನ್ನ ಕಾಲೇಜು ತಂಡಕ್ಕೆ ಬರಬೇಕು. ಆಮೇಲೆ ಬೆಂಗಳೂರು ವಲಯದ ಅಂತರ ಕಾಲೇಜು ಪಂದ್ಯ. ಅಲ್ಲಿ ಗೆದ್ದವರಿಗೆ ವಲಯಗಳ ನಡುವಿನ ಪಂದ್ಯ. ಅಲ್ಲಿ ಕಣ್ಣಿಗೆ ಬಿದ್ದವರಿಗೆ ಆಯ್ಕೆ ಟ್ರಯಲ್ಸ್, ಆಮೇಲೆ ಕ್ಯಾಂಪು, ಆಮೇಲೆ ದಕ್ಷಿಣ ವಲಯದ ಅಂತರ ವಿ.ವಿ. ಪಂದ್ಯಾವಳಿ. ಖಾಸಗಿ ವಿ.ವಿ. ಹುಡುಗಿಗೆ ಕ್ಯಾಂಪಸ್ ಟ್ರಯಲ್ಸ್ ದಾಟಿದರೆ ಮುಂದಿನದು ನೇರವಾಗಿ ದಕ್ಷಿಣ ವಲಯ. ದಕ್ಷಿಣ, ಉತ್ತರ, ಪೂರ್ವ, ಪಶ್ಚಿಮ ಎಂಬ ನಾಲ್ಕು ವಲಯಗಳಲ್ಲಿ ಮೇಲೆ ಬಂದ ತಂಡಗಳು ಅಖಿಲ ಭಾರತ ಮಟ್ಟಕ್ಕೆ ಹೋಗುತ್ತವೆ. ಪಿಇಎಸ್ ಕ್ಯಾಂಪಸ್ಸೂ 2013ರ ಮುಂಚೆ ವಿಟಿಯು ಏಣಿಯ ಒಂದು ಮೆಟ್ಟಿಲೇ ಆಗಿತ್ತು. ಅದೇ ಕಟ್ಟಡ, ಅದೇ ಅಂಗಳ. ಹೆಸರು ಬದಲಾದ ದಿನ ಏಣಿಯೇ ಬೇರೆಯಾಯಿತು.

ಹೀಗೆ ವಿಶ್ವವಿದ್ಯಾಲಯವನ್ನು ಪ್ರತಿನಿಧಿಸಿದವರನ್ನು ‘ಯೂನಿವರ್ಸಿಟಿ ಬ್ಲೂ’ ಅನ್ನುತ್ತಾರೆ. ಈ ‘ಬ್ಲೂ’ ಬಂದದ್ದು ಥೇಮ್ಸ್ ನದಿಯಿಂದ. ಆಕ್ಸ್‌ಫರ್ಡ್ ಮತ್ತು ಕೇಂಬ್ರಿಜ್ 1829ರಲ್ಲಿ ದೋಣಿ ಪಂದ್ಯ ಶುರುಮಾಡಿದವು. 1836ರಲ್ಲಿ ಕೇಂಬ್ರಿಜ್ ಹುಡುಗರು ದೋಣಿಯ ಮೂತಿಗೆ ತಿಳಿನೀಲಿ ರಿಬ್ಬನ್ ಕಟ್ಟಿದರು. ಆ ನೀಲಿ ಅಲ್ಲಿಂದ ಹರಿದು ಬಂದು ಬೆಳಗಾವಿಯ ಬ್ಲೇಜರಿಗೂ ತಗುಲಿಕೊಂಡಿದೆ. ಬ್ಲೇಜರ್ ಹಾಕಿಕೊಂಡು ಊರಿಗೆ ಹೋದರೆ ಸಿಗುವ ಮರ್ಯಾದೆ ಇರಲಿ, ಆ ಸರ್ಟಿಫಿಕೇಟಿಗೆ ದುಡ್ಡಿನ ಬೆಲೆಯೂ ಇದೆ. ಕೇಂದ್ರ ಸರ್ಕಾರದ ಕ್ರೀಡಾ ನೇಮಕಾತಿಯಲ್ಲಿ ದೇಶವನ್ನು, ರಾಜ್ಯವನ್ನು ಪ್ರತಿನಿಧಿಸಿದವರ ಸಾಲಿನ ಹಿಂದೆಯೇ ಅಂತರ ವಿ.ವಿ. ಆಡಿದವರೂ ನಿಲ್ಲಬಹುದು. ನೂರು ಜನರನ್ನು ದಾಟಿ ಬಂದವಳ ಕಾಗದಕ್ಕೂ ಮೂವರನ್ನು ದಾಟಿ ಬಂದವಳ ಕಾಗದಕ್ಕೂ ಅಲ್ಲಿ ಒಂದೇ ತೂಕ.

ಅನ್ಯಾಯ ಅಲ್ಲವೇ ಅಂದರೆ ಪೂರ್ತಿ ಹಾಗೂ ಹೇಳಲು ಬರುವುದಿಲ್ಲ. ಒಂದೇ ಅಂಗಳದಲ್ಲಿ ಓದುವ ಹನ್ನೆರಡು ಜನ ದಿನಾ ಸಂಜೆ ಒಟ್ಟಿಗೆ ಆಡಬಹುದು. ಕಲಬುರಗಿಯವಳೊಬ್ಬಳು, ಮಂಡ್ಯದವಳೊಬ್ಬಳು, ಬನಶಂಕರಿಯವಳೊಬ್ಬಳು ಸೇರಿದ ತಂಡ ಒಬ್ಬರ ಹೆಸರು ಒಬ್ಬರು ಕಲಿಯುವುದೇ ಕ್ಯಾಂಪಿನಲ್ಲಿ. ವಾಲಿಬಾಲಿನಲ್ಲಿ ಸೆಟ್ಟರ್ ಕೈಯಿಂದ ಚೆಂಡು ಎಷ್ಟು ಎತ್ತರ ಏಳುತ್ತದೆ ಅನ್ನುವುದು ಹೊಡೆಯುವವಳಿಗೆ ಮೈಗೆ ಗೊತ್ತಿರಬೇಕು, ಅದು ಒಂದು ವಾರದಲ್ಲಿ ಬರುವುದಲ್ಲ. ದೊಡ್ಡ ಬಲೆ ಬೀಸಿದವರಿಗೆ ದೊಡ್ಡ ಮೀನು ಸಿಕ್ಕರೂ ಅಡುಗೆ ಮಾಡಲು ಪುರುಸೊತ್ತಿಲ್ಲ. ಇನ್ನು ಈಜು, ಓಟದಂಥ ಆಟಗಳಲ್ಲಿ ಏಣಿಯ ಮಾತೇ ಅಷ್ಟಾಗಿ ಬರುವುದಿಲ್ಲ. ನೂರು ಮೀಟರನ್ನು ಎಷ್ಟು ಸೆಕೆಂಡಿನಲ್ಲಿ ಮುಗಿಸಿದೆ ಎಂದಷ್ಟೇ ಗಡಿಯಾರ ಕೇಳುತ್ತದೆ, ಯಾವ ವಿ.ವಿ. ಎಂದಲ್ಲ.

ಹಿಂದೆ ಈ ಗೊಂದಲ ಇರಲಿಲ್ಲ. 1916ರಲ್ಲಿ ಮೈಸೂರು ವಿಶ್ವವಿದ್ಯಾಲಯ ಹುಟ್ಟಿದ ಮೇಲೆ ಬೆಂಗಳೂರಿನ ಕಾಲೇಜುಗಳೂ ಅದರ ಕೆಳಗೇ ಇದ್ದವು. 1964ರಲ್ಲಿ ಬೆಂಗಳೂರು ವಿ.ವಿ. ಬೇರೆಯಾಗುವ ತನಕ ಬಸವನಗುಡಿಯ ಹುಡುಗ ಮೈಸೂರಿನ ಹುಡುಗನ ಜೊತೆ ಗುದ್ದಾಡಿಯೇ ತಂಡ ಸೇರಬೇಕಿತ್ತು. ವೈದ್ಯಕೀಯ ಕಾಲೇಜುಗಳು 1996ರಲ್ಲಿ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿ.ವಿ.ಗೆ ಹೋದವು, ಎಂಜಿನಿಯರಿಂಗ್ ಕಾಲೇಜುಗಳು ವಿಟಿಯುಗೆ ಹೋದವು. 2017ರಲ್ಲಿ ಬೆಂಗಳೂರು ವಿ.ವಿ.ಯೇ ಮೂರು ಹೋಳಾಯಿತು. ಒಂದೊಂದು ಹೋಳಿಗೂ ಒಂದೊಂದು ತಂಡ. ಒಂದೇ ಊರಿನಲ್ಲಿ ರಾತ್ರೋರಾತ್ರಿ ‘ಬ್ಲೂ’ಗಳ ಸಂಖ್ಯೆ ಮೂರು ಪಟ್ಟಾಯಿತು. ಆಡುವವರ ಕೌಶಲ ಅಷ್ಟೇ ಇತ್ತು.

ಕ್ರಿಕೆಟ್ಟಿನಲ್ಲಂತೂ ವಿಶ್ವವಿದ್ಯಾಲಯ ಒಂದು ಕಾಲಕ್ಕೆ ಹೆಬ್ಬಾಗಿಲು. ಅಂತರ ವಿ.ವಿ. ಕ್ರಿಕೆಟ್ಟಿಗೆ ಮುಂಬೈಯ ಬಾರಿಯಾ ಎಂಬವರು ತೀರಿಕೊಂಡ ಮಗನ ನೆನಪಿಗೆ ಕೊಟ್ಟ ರೋಹಿಂಟನ್ ಬಾರಿಯಾ ಟ್ರೋಫಿ 1935ರಿಂದ ಇದೆ. ಅಲ್ಲಿ ನೂರು ಹೊಡೆದವನ ಹೆಸರು ರಣಜಿ ಆಯ್ಕೆಗಾರರ ಕಿವಿಗೆ ಬೀಳುತ್ತಿತ್ತು. ಈಗ 14, 16, 19 ವರ್ಷದೊಳಗಿನವರ ಪಂದ್ಯಗಳನ್ನು ರಾಜ್ಯ ಕ್ರಿಕೆಟ್ ಸಂಸ್ಥೆಯೇ ನಡೆಸುತ್ತದೆ. ಹುಡುಗ ಕಾಲೇಜು ಮೆಟ್ಟಿಲು ಹತ್ತುವ ಹೊತ್ತಿಗೆ ಅವನ ಹಣೆಬರಹ ಮುಕ್ಕಾಲು ಬರೆದಾಗಿರುತ್ತದೆ. ಅನಿಲ್ ಕುಂಬ್ಳೆ ಆರ್‌.ವಿ. ಎಂಜಿನಿಯರಿಂಗ್ ಕಾಲೇಜಿನಲ್ಲಿ ಮೆಕ್ಯಾನಿಕಲ್ ಓದುತ್ತಿರುವಾಗಲೇ 1990ರಲ್ಲಿ ಇಂಗ್ಲೆಂಡಿನಲ್ಲಿ ಮೊದಲ ಟೆಸ್ಟ್ ಆಡಿ ಬಂದರು, ಆಮೇಲೆ ಪದವಿಯನ್ನೂ ಮುಗಿಸಿದರು. ಮಂಗಳೂರಿನ ಹುಡುಗ ಕೆ.ಎಲ್. ರಾಹುಲ್ ಹದಿನೆಂಟರ ಪ್ರಾಯದಲ್ಲಿ ಬೆಂಗಳೂರಿಗೆ ಬಂದು ಜೈನ್ ಸೇರಿದ್ದು ಕ್ರಿಕೆಟ್ಟಿಗೋಸ್ಕರ. ಇವರಿಗೆ ಕಾಲೇಜು ಬ್ಯಾಟ್ ಹಿಡಿಯುವುದನ್ನೋ ಚೆಂಡು ತಿರುಗಿಸುವುದನ್ನೋ ಕಲಿಸಲಿಲ್ಲ. ಆಟಗಾರನಿಗೆ ಕಾಲೇಜು ಕೊಡಬಲ್ಲ ಅತಿ ದೊಡ್ಡ ವಸ್ತು ಸಮಯ. ಬೆಳಿಗ್ಗೆ ಎಂಟರ ಕ್ಲಾಸು ತಪ್ಪಿದರೆ ಹುಬ್ಬು ಗಂಟಿಕ್ಕದ ಮೇಷ್ಟ್ರು, ಪಂದ್ಯದ ದಿನವೇ ಬಿದ್ದ ಇಂಟರ್ನಲ್ಸ್ ಅನ್ನು ಇನ್ನೊಂದು ದಿನ ಬರೆಯಲು ಬಿಡುವ ಪ್ರಿನ್ಸಿಪಾಲರು. ಇವು ಯಾವ ಪುಸ್ತಿಕೆಯಲ್ಲೂ ಅಚ್ಚಾಗುವುದಿಲ್ಲ.

ಲೆಕ್ಕ ಹಾಕಿಯೇ ನೋಡೋಣ. ವಿಟಿಯುನಲ್ಲಿ ಹಾಜರಾತಿ ಶೇ. 85 ಬೇಕು. ತಕ್ಕ ಕಾರಣವಿದ್ದರೆ ಶೇ. 10ರವರೆಗೆ ಮನ್ನಾ ಮಾಡಲು ಅವಕಾಶವಿದೆ. ಸೆಮಿಸ್ಟರಿನಲ್ಲಿ ಎಂಬತ್ತು ದಿನ ಪಾಠ ನಡೆಯಿತೆಂದರೆ ಯಾರ ಹಂಗೂ ಇಲ್ಲದೆ ತಪ್ಪಿಸಿಕೊಳ್ಳಬಹುದಾದದ್ದು ಹನ್ನೆರಡು ದಿನ. ವಲಯದ ಪಂದ್ಯಕ್ಕೆ ಮೂರು ದಿನ, ಮುಂದಿನ ಸುತ್ತಿಗೆ ಮೂರು, ಕ್ಯಾಂಪಿಗೆ ಒಂದು ವಾರ, ಚೆನ್ನೈಗೋ ಕೊಟ್ಟಾಯಕ್ಕೋ ರೈಲಿನಲ್ಲಿ ಹೋಗಿ ಆಡಿ ಬರಲು ಇನ್ನೊಂದು ವಾರ. ಈ ಮಧ್ಯೆ ಒಂದು ಜ್ವರ ಬಂದರೆ ‘ಶಾರ್ಟೇಜ್’ ಪಟ್ಟಿಯಲ್ಲಿ ಹೆಸರು. ಆಟಕ್ಕೆ ಹೋದ ದಿನಕ್ಕೆ ಓ.ಡಿ., ಅಂದರೆ ‘ಆನ್ ಡ್ಯೂಟಿ’ ಹಾಜರಾತಿ, ಬರೆದುಕೊಡುವ ಕಾಲೇಜುಗಳಿವೆ. ಬರೆದುಕೊಟ್ಟರೂ ಹೋದ ಪಾಠ ತಿರುಗಿ ಬರುವುದಿಲ್ಲ, ಲ್ಯಾಬ್ ರೆಕಾರ್ಡಿಗೆ ಸಹಿ ತಾನಾಗಿ ಬೀಳುವುದಿಲ್ಲ. ವರ್ಷಕ್ಕೊಂದೇ ಪರೀಕ್ಷೆ ಇದ್ದಾಗ ಆಡಿ ಮುಗಿಸಿ ಬೇಸಿಗೆಯಲ್ಲಿ ಕೂತು ಓದಿಕೊಳ್ಳುತ್ತಿದ್ದರು. ಸೆಮಿಸ್ಟರ್ ಪದ್ಧತಿಯಲ್ಲಿ ಅಂತರ ವಿ.ವಿ. ಪಂದ್ಯಗಳೂ ಪರೀಕ್ಷೆಗಳೂ ಡಿಸೆಂಬರ್, ಜನವರಿಯಲ್ಲಿ ಒಂದರ ಕಾಲನ್ನೊಂದು ತುಳಿಯುತ್ತವೆ.

ಇಂಥ ಅಡ್ಡಿಗಳನ್ನು ಬದಿಗೆ ಸರಿಸಿ ಆಟಗಾರರಿಗಾಗಿಯೇ ದಾರಿ ಬಿಡಿಸಿದ ಸಂಸ್ಥೆಗಳು ಗೆಲ್ಲುತ್ತವೆ. 2022ರ ಏಪ್ರಿಲ್ 24ರಿಂದ ಮೇ 3ರವರೆಗೆ ಬೆಂಗಳೂರಿನಲ್ಲಿ ಖೇಲೊ ಇಂಡಿಯಾ ವಿಶ್ವವಿದ್ಯಾಲಯ ಕ್ರೀಡಾಕೂಟ ನಡೆಯಿತು. ಕೋವಿಡ್‌ನಿಂದಾಗಿ ಒಂದು ವರ್ಷ ತಡವಾದ ಕೂಟ ಅದು. ಆತಿಥ್ಯ ಜೈನ್ ವಿ.ವಿ.ಯದು, ಚಾಂಪಿಯನ್ ಕೂಡ ಅದೇ. 20 ಚಿನ್ನ, 7 ಬೆಳ್ಳಿ, 5 ಕಂಚು. ಆ ಇಪ್ಪತ್ತು ಚಿನ್ನಗಳಲ್ಲಿ ಏಳು ಒಬ್ಬನೇ ಈಜುಗಾರನ, ಶಿವ ಶ್ರೀಧರ್ ಎಂಬ ಹುಡುಗನ, ಕೊರಳಿಗೆ ಬಿದ್ದವು. ಟೋಕಿಯೊ, ಪ್ಯಾರಿಸ್ ಎರಡೂ ಒಲಿಂಪಿಕ್ಸಿಗೆ ಹೋದ ಶ್ರೀಹರಿ ನಟರಾಜ್ ಕೂಡ ಜೈನ್ ವಿದ್ಯಾರ್ಥಿಯೇ.

ಸಂತೋಷದ ಸಂಗತಿ, ನಮ್ಮ ಪಕ್ಕದ ಬಡಾವಣೆಯ ಹೆಮ್ಮೆ. ಆದರೆ ಈಜುಗಾರ ತಯಾರಾಗುವುದು ಹದಿನೆಂಟನೇ ವರ್ಷಕ್ಕಲ್ಲ, ಎಂಟನೇ ವರ್ಷಕ್ಕೆ. ಬಸವನಗುಡಿ ಅಕ್ವಾಟಿಕ್ ಸೆಂಟರಿನಂಥ ಈಜುಕೊಳಗಳ ಮುಂದೆ ಬೆಳಗಿನ ಐದೂವರೆಗೆ ಸ್ಕೂಟರ್ ನಿಲ್ಲಿಸಿಕೊಂಡು, ಫ್ಲಾಸ್ಕಿನ ಕಾಫಿ ಕುಡಿಯುತ್ತ ಕಾಯುವ ಅಪ್ಪ ಅಮ್ಮಂದಿರನ್ನು ನೋಡಿದವರಿಗೆ ಗೊತ್ತು. ಹತ್ತು ವರ್ಷ ಕ್ಲಬ್ಬಿನ ಕೋಚು, ಮನೆಯವರ ದುಡ್ಡು, ಮಗುವಿನ ನಿದ್ದೆ. ವಿಶ್ವವಿದ್ಯಾಲಯ ಬರುವುದು ಕೊನೆಯ ನಾಲ್ಕು ವರ್ಷಕ್ಕೆ. ಶುಲ್ಕ ಮನ್ನಾ ಮಾಡಿ, ಹಾಜರಾತಿಯ ಚಿಂತೆ ಇಳಿಸಿ, ಹೆಸರನ್ನು ಜೆರ್ಸಿಗೆ ಹಾಕಿಕೊಳ್ಳುತ್ತದೆ. ಇದನ್ನು ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ. ಹನ್ನೆರಡನೇ ತರಗತಿಯ ನಂತರ ಆಟ ಬಿಟ್ಟುಬಿಡುತ್ತಿದ್ದ ಎಷ್ಟೋ ಮಕ್ಕಳು ಇದರಿಂದ ಉಳಿದಿದ್ದಾರೆ. ಆದರೆ ಪದಕ ಪಟ್ಟಿ ಓದುವಾಗ, ಅದು ಆ ವಿ.ವಿ. ಎಷ್ಟು ಆಟಗಾರರನ್ನು ಬೆಳೆಸಿತು ಎಂಬುದಕ್ಕಿಂತ ಎಷ್ಟು ಚೆನ್ನಾಗಿ ಆರಿಸಿಕೊಂಡಿತು ಎಂಬುದರ ಪಟ್ಟಿ ಎಂದು ತಿಳಿದಿರಬೇಕು.

ಮೂಡುಬಿದಿರೆಯ ಕಥೆ ಇನ್ನೊಂದು ಬಗೆ. ಮಂಗಳೂರು ವಿ.ವಿ. ಅಖಿಲ ಭಾರತ ಅಂತರ ವಿ.ವಿ. ಅಥ್ಲೆಟಿಕ್ಸಿನಲ್ಲಿ ಮತ್ತೆ ಮತ್ತೆ ಚಾಂಪಿಯನ್ ಆದಾಗ ಆ ಅಂಕಗಳ ದೊಡ್ಡ ಪಾಲು ಮೂಡುಬಿದಿರೆಯ ಒಂದೇ ಕಾಲೇಜಿನದು, ಆಳ್ವಾಸ್‌ನದು. ಬಡ ಮನೆಯ ಓಟಗಾರರನ್ನು ದತ್ತು ತೆಗೆದುಕೊಂಡು ಊಟ, ವಸತಿ, ಓದು ಎಲ್ಲ ಕೊಟ್ಟು ಬೆಳೆಸುವ ಪದ್ಧತಿ ಅಲ್ಲಿಯದು. 2020ರ ಜನವರಿಯಲ್ಲಿ ಅಖಿಲ ಭಾರತ ಕೂಟ ಮೂಡುಬಿದಿರೆಯ ಸ್ವರಾಜ್ ಮೈದಾನದಲ್ಲೇ ನಡೆಯಿತು. ತಮಾಷೆಯೆಂದರೆ, ಕಾಗದದ ಮೇಲೆ ಆತಿಥೇಯ ವಿಶ್ವವಿದ್ಯಾಲಯ ಬೆಂಗಳೂರಿನಲ್ಲಿ ಕಚೇರಿ ಇರುವ ರಾಜೀವ್ ಗಾಂಧಿ ಆರೋಗ್ಯ ವಿ.ವಿ. ಆಳ್ವಾಸ್‌ನ ಪದವಿ ಕಾಲೇಜು ಮಂಗಳೂರು ವಿ.ವಿ.ಗೆ ಸೇರಿದ್ದು, ಅದೇ ಸಂಸ್ಥೆಯ ಆಯುರ್ವೇದ ಕಾಲೇಜು ಆರೋಗ್ಯ ವಿ.ವಿ.ಗೆ ಸೇರಿದ್ದು. ಒಂದೇ ಕ್ಯಾಂಪಸ್ಸಿನ ಇಬ್ಬರು ಓಟಗಾರರು ಪಕ್ಕಪಕ್ಕದ ಲೇನಿನಲ್ಲಿ ಎರಡು ಬೇರೆ ವಿ.ವಿ.ಗಳ ಜೆರ್ಸಿ ತೊಟ್ಟು ಓಡಬಹುದು. ಜೆರ್ಸಿಯ ಮೇಲಿನ ಹೆಸರನ್ನು ನಂಬಬೇಡಿ ಎಂದು ನಾನು ಹೇಳುವುದು ಇದಕ್ಕೇ.

ಪದ್ಮನಾಭನಗರದ ಕೆಲವು ಮನೆಗಳಲ್ಲಿ ಅಮೆರಿಕದ ಮಾತೂ ಬರುತ್ತದೆ, ಈಜಿಗೋ ಟೆನಿಸ್ಸಿಗೋ ಅಲ್ಲಿ ಸ್ಕಾಲರ್‌ಶಿಪ್ ಸಿಗುತ್ತದಂತೆ ಎಂದು. ಸಿಗುತ್ತದೆ, ನಿಜ. ಆದರೆ ಅಲ್ಲಿ ಕಾಲೇಜು ಕ್ರೀಡೆ ಹುಟ್ಟಿನಿಂದಲೇ ಒಂದು ವ್ಯಾಪಾರ. 1852ರಲ್ಲಿ ಹಾರ್ವರ್ಡ್ ಮತ್ತು ಯೇಲ್ ನಡುವೆ ನಡೆದ ಮೊದಲ ಅಂತರ ಕಾಲೇಜು ದೋಣಿ ಪಂದ್ಯದ ಖರ್ಚು ಹೊತ್ತದ್ದು ಒಂದು ರೈಲು ಕಂಪನಿ, ತನ್ನ ಗಾಡಿಗೆ ಪ್ರಯಾಣಿಕರು ಬರಲಿ ಎಂದು. ಈಗ ಮಿಷಿಗನ್ ವಿ.ವಿ.ಯ ಫುಟ್‌ಬಾಲ್ ಮೈದಾನದಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಜನ ಕೂರುತ್ತಾರೆ. 2025ರ ಜುಲೈನಿಂದ ಅಲ್ಲಿನ ದೊಡ್ಡ ವಿ.ವಿ.ಗಳು ಆಟಗಾರರಿಗೆ ನೇರವಾಗಿ ಹಣ ಕೊಡಬಹುದು, ಮೊದಲ ವರ್ಷಕ್ಕೆ ಒಂದೊಂದು ವಿ.ವಿ.ಗೂ ಸುಮಾರು ಎರಡು ಕೋಟಿ ಡಾಲರ್ ಮಿತಿ. ಬಹುಪಾಲು ಹೋಗುವುದು ಫುಟ್‌ಬಾಲಿಗೆ, ಬಾಸ್ಕೆಟ್‌ಬಾಲಿಗೆ. ಈಜಿನಂಥ ಆಟಗಳ ಮಕ್ಕಳು ಈ ಹಂಚಿಕೆಯಲ್ಲಿ ತಮಗೆ ಏನು ಉಳಿಯುತ್ತದೆ ಎಂದು ಕಾದು ನೋಡುತ್ತಿದ್ದಾರೆ. ನಮ್ಮಲ್ಲಿ ಅಂತರ ಕಾಲೇಜು ಫೈನಲ್ ನೋಡಲು ಬರುವವರು ಆಡುವವರ ರೂಮ್‌ಮೇಟುಗಳು, ಮೈದಾನದ ಪಕ್ಕದ ಟೀ ಅಂಗಡಿಯವರು. ಟಿಕೆಟ್ಟಿಲ್ಲದ ಆಟಕ್ಕೆ ದುಡ್ಡು ಬರಬೇಕಾದದ್ದು ನಾವು ಕಟ್ಟುವ ಶುಲ್ಕದಿಂದಲೇ.

ನಾನು ಓದಿದ ಕಾಲೇಜಿನಲ್ಲಿ ಒಂದು ವರ್ಷ ನಮ್ಮ ಕಬಡ್ಡಿ ತಂಡ ಚೆನ್ನಾಗಿ ಕೂಡಿಬಂದಿತ್ತು. ಜೂನಿಯರ್ ಹುಡುಗರೆಲ್ಲ ಮೊಣಕೈ ತರಚಿಕೊಂಡು ಎರಡು ತಿಂಗಳು ಮಣ್ಣಿನಲ್ಲಿ ಹೊರಳಿದರು. ಪಂದ್ಯದ ದಿನ ಹೋಗಿ ನೋಡಿದರೆ ಪಟ್ಟಿಯಲ್ಲಿ ನಮ್ಮ ಹೆಸರೇ ಇಲ್ಲ. ಎಂಟ್ರಿ ಫಾರಂ ಯಾರದೋ ಮೇಜಿನ ಡ್ರಾಯರಿನಲ್ಲಿ ಉಳಿದಿತ್ತಂತೆ. ಎದುರಾಳಿಗೆ ವಾಕ್‌ಓವರ್, ನಮಗೆ ಬಸ್ ಚಾರ್ಜು ದಂಡ. ಇದು ಹಳೇ ಕಾಲದ ಸಣ್ಣ ಕಾಲೇಜಿನ ಕಥೆ ಎಂದು ನಗುತ್ತಿದ್ದೆ. 2025ರ ಜುಲೈನಲ್ಲಿ ಜರ್ಮನಿಯ ವಿಶ್ವ ವಿಶ್ವವಿದ್ಯಾಲಯ ಕ್ರೀಡಾಕೂಟಕ್ಕೆ ಭಾರತ ಹನ್ನೆರಡು ಬ್ಯಾಡ್ಮಿಂಟನ್ ಆಟಗಾರರನ್ನು ಕಳಿಸಿತು. ಅಧಿಕಾರಿಗಳು ಹೆಸರು ಸರಿಯಾಗಿ ಕೊಡದೆ ಮಿಶ್ರ ತಂಡ ಸ್ಪರ್ಧೆಯಲ್ಲಿ ಆರು ಜನಕ್ಕೆ ಅಂಕಣಕ್ಕೆ ಇಳಿಯಲೇ ಆಗಲಿಲ್ಲ. ಉಳಿದ ಆರು ಜನವೇ ಆಡಿ ಕಂಚು ಗೆದ್ದರು ಅನ್ನುವುದು ಆ ಮಕ್ಕಳ ದೊಡ್ಡತನ. ಡ್ರಾಯರಿನಲ್ಲಿ ಫಾರಂ ಉಳಿಯುವ ಕಾಯಿಲೆ ಎಷ್ಟು ಮೆಟ್ಟಿಲು ಹತ್ತಿದರೂ ಜೊತೆಗೇ ಬರುತ್ತದೆ. ಹಾಗಾಗಿ ಕಾಲೇಜಿನ ಪಿ.ಡಿ., ಅಂದರೆ ದೈಹಿಕ ಶಿಕ್ಷಣ ನಿರ್ದೇಶಕರು, ಎಂಥವರು ಅನ್ನುವುದು ಆಟದ ಮೈದಾನ ಎಷ್ಟು ದೊಡ್ಡದು ಅನ್ನುವುದಕ್ಕಿಂತ ಮುಖ್ಯ. ವಯಸ್ಸು 25 ಮೀರಿಲ್ಲ ಎಂದು ಪ್ರಮಾಣಪತ್ರ ಹೊಂದಿಸಿ, ಅರ್ಹತಾ ಪತ್ರಕ್ಕೆ ರಿಜಿಸ್ಟ್ರಾರ್ ಸಹಿ ಹಾಕಿಸಿ, ರೈಲು ಟಿಕೆಟ್ ಮಾಡಿಸಿ, ದಿನಭತ್ಯೆ ಲೆಕ್ಕ ಒಪ್ಪಿಸಿ, ಎಚ್‌ಒಡಿ ಕಾಲು ಹಿಡಿದು ಓ.ಡಿ. ಕೊಡಿಸುವವರು ಅವರೇ. ಕೋಚಿಂಗ್ ಆಮೇಲಿನ ಮಾತು.

ಇಷ್ಟು ಹೊತ್ತೂ ತಂಡ ಸೇರುವವರ ಬಗ್ಗೆ ಮಾತಾಡಿದೆ. ತಂಡ ಸೇರದ ಸಾವಿರಾರು ಮಕ್ಕಳಿದ್ದಾರೆ. ಆಟದ ಶುಲ್ಕವನ್ನು ಅವರೂ ಕಟ್ಟುತ್ತಾರೆ. ವಿಟಿಯು ತನ್ನ 2022ರ ಪಠ್ಯಕ್ರಮದಲ್ಲಿ ಮೂರರಿಂದ ಆರನೇ ಸೆಮಿಸ್ಟರಿನವರೆಗೆ ಎನ್‌ಎಸ್‌ಎಸ್, ದೈಹಿಕ ಶಿಕ್ಷಣ, ಯೋಗ ಈ ಮೂರರಲ್ಲಿ ಒಂದನ್ನು ಕಡ್ಡಾಯ ಮಾಡಿತು. ಒಳ್ಳೆಯ ಹೆಜ್ಜೆ. ಆದರೆ ಅದಕ್ಕೆ ಕೊಟ್ಟ ಕ್ರೆಡಿಟ್ ಸೊನ್ನೆ. ಕಡ್ಡಾಯ, ಆದರೆ ಸೊನ್ನೆ. ಹುಡುಗರು ಬುದ್ಧಿವಂತರು, ಯಾವುದಕ್ಕೆ ಎಷ್ಟು ಬೆಲೆ ಎಂದು ಅವರಿಗೆ ಅರ್ಥವಾಗುತ್ತದೆ. ನಗರದ ಕಾಲೇಜುಗಳಲ್ಲಿ ಹೊಸ ಬ್ಲಾಕ್ ಏಳುವಾಗ ಮೊದಲು ಹೋಗುವುದು ಬಾಸ್ಕೆಟ್‌ಬಾಲ್ ಕೋರ್ಟು, ಆಮೇಲೆ ಉಳಿದ ಅಂಗಳ ಪಾರ್ಕಿಂಗಿಗೆ. ಕಾಲೇಜು ಮಕ್ಕಳು ಆಟಕ್ಕಾಗಿ ಬಡಾವಣೆಯ ಪಾಲಿಕೆ ಮೈದಾನಕ್ಕೆ ಬಂದು ಎಂಟನೇ ಕ್ಲಾಸಿನ ಹುಡುಗರ ವಿಕೆಟ್ ಕೀಳಿಸುತ್ತಾರೆ. ಎಂಟನೇ ಕ್ಲಾಸಿನವರು ರಸ್ತೆಗೆ ಬರುತ್ತಾರೆ. ಅವರ ಚೆಂಡು ಬಿದ್ದು ನಮ್ಮ ಮನೆ ಗಾಜು ಒಡೆದದ್ದು ಎರಡು ಸಲ. ನನ್ನ ದೂರು ಆ ಹುಡುಗರ ಮೇಲಿಲ್ಲ.

ಒಳ್ಳೆಯ ವಿಶ್ವವಿದ್ಯಾಲಯ ಯಾವುದೆಂದು ಕೇಂದ್ರ ಸರ್ಕಾರ ಮಾಕಾ ಟ್ರೋಫಿಯ ಅಂಕದಿಂದ ಅಳೆಯುತ್ತದೆ. 1956-57ರಿಂದ ಇರುವ ಈ ಟ್ರೋಫಿ ಬಹುಪಾಲು ಸಲ ಪಂಜಾಬ್ ಕಡೆಯ ವಿ.ವಿ.ಗಳ ಪಾಲಾಗಿದೆ, ಅದರಲ್ಲೂ ಅಮೃತಸರದ ಗುರುನಾನಕ್ ದೇವ್ ವಿ.ವಿ.ಯ ಪಾಲು. ಅಂತರ ವಿ.ವಿ. ಪಂದ್ಯಗಳಲ್ಲಿ ಗೆದ್ದದ್ದಕ್ಕೆ ಅಂಕ, ಆದ್ದರಿಂದ ಗೆಲ್ಲುವವರನ್ನು ತಂದವರಿಗೆ ಅಂಕ. ಎಷ್ಟು ವಿದ್ಯಾರ್ಥಿಗಳು ವಾರಕ್ಕೆ ಮೂರು ದಿನವಾದರೂ ಬೆವರು ಹರಿಸಿದರು ಎಂಬುದಕ್ಕೆ ಅಲ್ಲಿ ಖಾನೆಯಿಲ್ಲ. ನನ್ನ ಮಟ್ಟಿಗೆ ಅದೇ ಮೊದಲನೇ ಖಾನೆಯಾಗಬೇಕು.

ಎದುರು ಮನೆಯವರಿಗೆ ಮತ್ತೆ ಸಿಕ್ಕಾಗ ಹೇಳಿದ್ದು ಇಷ್ಟೇ. ಜೆರ್ಸಿ ಬೇಗ ಬೇಕಾದರೆ ಸಣ್ಣ ಏಣಿ, ಪೈಪೋಟಿ ಬೇಕಾದರೆ ದೊಡ್ಡ ಏಣಿ. ಆದರೆ ಅದನ್ನು ತೀರ್ಮಾನಿಸುವ ಮೊದಲು ಎರಡೂ ಕಾಲೇಜಿಗೆ ಸಂಜೆ ನಾಲ್ಕೂವರೆಗೆ ಹೇಳದೆ ಕೇಳದೆ ಹೋಗಿ. ಹೋದ ವರ್ಷ ಪಂದ್ಯಕ್ಕೆ ಹೋದ ಮಕ್ಕಳಿಗೆ ಓ.ಡಿ. ಸಿಕ್ಕಿತೇ ಎಂದು ಮಕ್ಕಳನ್ನೇ ಕೇಳಿ, ಆಫೀಸಿನವರನ್ನಲ್ಲ. ಆಮೇಲೆ ಪಿ.ಡಿ. ಸರ್ ಹತ್ತಿರ ಹೋಗಿ ಸ್ಪೋರ್ಟ್ಸ್ ರೂಮಿನ ಬೀಗ ತೆಗೆಸಿ. ಬೀಗದ ಕೈ ಹುಡುಕಲು ಹತ್ತು ನಿಮಿಷ ಹಿಡಿದರೆ ಅಲ್ಲಿಂದಲೇ ವಾಪಸು ಬನ್ನಿ. ಬಾಗಿಲು ಬೇಗ ತೆರೆದರೆ ಒಳಗೆ ಹೋಗಿ, ಒಂದು ವಾಲಿಬಾಲ್ ಎತ್ತಿಕೊಂಡು ಹೆಬ್ಬೆರಳಿನಿಂದ ಒತ್ತಿ, ಗಾಳಿ ಇದೆಯೇ ನೋಡಿ.